ಪಾದ್ರಿಯ ಲೇಖನಿ, ನೀಲಗಾರನ ತಂಬೂರಿ

ದಲಿತರ ದೇವರುಗಳ ವಿಷಯ ಬಂದಾಗ ನಮ್ಮ ವಿಮರ್ಶೆಯ ಬಾಯಲ್ಲಿ ಇರುವುದು ಎರಡೇ ಮಾತು. ಒಂದು ‘ಮೂಢನಂಬಿಕೆ’, ಇನ್ನೊಂದು ‘ಜಾನಪದ’. ಮೊದಲನೆಯದನ್ನು ಹೇಳುವವನು ವಿಚಾರವಾದಿ, ಎರಡನೆಯದನ್ನು ಹೇಳುವವನು ಪ್ರಾಧ್ಯಾಪಕ. ಒಬ್ಬ ಸುಟ್ಟುಹಾಕಿ ಅಂತಾನೆ, ಇನ್ನೊಬ್ಬ ಗಾಜಿನ ಬೀರುವಿನಲ್ಲಿ ಇಡಿ ಅಂತಾನೆ. ಕೇರಿಯ ಮುದುಕಿ ಆ ದೇವರ ಮುಂದೆ ಸೆರಗು ಕಟ್ಟಿ ನಿಂತು ಏನು ಜಗಳ ತೆಗೆದಿದ್ದಳು ಎಂಬುದನ್ನು ಇಬ್ಬರೂ ಕೇಳಿಸಿಕೊಂಡವರಲ್ಲ.

ಈ ಕಿವುಡಿಗೆ ಒಂದು ಚರಿತ್ರೆಯಿದೆ. ಇಂಥ ಜನರ ನಂಬಿಕೆಗಳನ್ನು ಮೊದಲು ಕಾಗದಕ್ಕೆ ಇಳಿಸಿದವರು ಯಾರು, ಯಾತಕ್ಕಾಗಿ ಇಳಿಸಿದರು ಅನ್ನುವುದನ್ನು ಕೆದಕಿದರೆ ಅದು ಗೊತ್ತಾಗುತ್ತದೆ. ಅದಕ್ಕೆ ಒಸಿ ದೂರ, ಕಡಲಾಚೆಯ ಫಿಲಿಪೈನ್ಸ್‌ವರೆಗೆ ಹೋಗಿಬರಬೇಕು. ಆ ದೇಶದ ಹೆಸರೇ ಸ್ಪೇನಿನ ದೊರೆ ಫಿಲಿಪ್‌ನದು. ತನ್ನನ್ನು ಗೆದ್ದವನ ಹೆಸರನ್ನು ಇನ್ನೂ ಹೊತ್ತಿರುವ ದೇಶ ಅದು.

೧೫೭೧ರಲ್ಲಿ ಸ್ಪೇನಿನವರು ಮನಿಲಾವನ್ನು ಹಿಡಿದರು. ಆ ಸೀಮೆಯ ಜನ ತಗಾಲಗರು. ೧೫೭೮ರಲ್ಲಿ ಅಲ್ಲಿಗೆ ಬಂದ ಹುವಾನ್ ದೆ ಪ್ಲಸೆನ್ಸಿಯಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ೧೫೮೯ರಲ್ಲಿ ನಾಗ್‌ಕಾರ್ಲಾನ್ ಎಂಬ ಊರಿನಲ್ಲಿ ಕೂತು ತಗಾಲಗರ ನಡೆನುಡಿ, ನೇಮನಿಷ್ಠೆಗಳ ಬಗ್ಗೆ ಒಂದು ವರದಿ ಬರೆದ. ಇವತ್ತಿಗೂ ಆ ಜನರ ಹಳೆಯ ಬದುಕು ತಿಳಿಯಬೇಕೆಂದರೆ ಅವನ ಕಾಗದವನ್ನೇ ತೆರೆಯಬೇಕು. ವರದಿ ಬರೆದದ್ದು ತಗಾಲಗರು ಓದಲಿ ಎಂದಲ್ಲ, ಅವರ ವ್ಯಾಜ್ಯ ತೀರ್ಮಾನಿಸುವ ಸ್ಪೇನಿನ ಅಧಿಕಾರಿಗಳಿಗೆ ಕೈಪಿಡಿಯಾಗಲಿ ಎಂದು. ಪೂಜೆಯ ಭಾಗವನ್ನು ಬರೆದದ್ದಂತೂ ಯಾವುದನ್ನು ಕಿತ್ತುಹಾಕಬೇಕೆಂಬ ಪಟ್ಟಿಯ ಹಾಗೆ. ಅವರ ದೊಡ್ಡ ದೇವರು ಬಥಾಲ. ಆ ಹೆಸರು ನಮ್ಮ ‘ಭಟ್ಟಾರಕ’ದ ಬಳಗಕ್ಕೆ ಸೇರಿದ್ದೆಂದು ಭಾಷಾಪಂಡಿತರು ಹೇಳುತ್ತಾರೆ; ಸಂಸ್ಕೃತ ಎಲ್ಲೆಲ್ಲಿಗೆ ಹಡಗು ಹತ್ತಿತ್ತೋ ನೋಡಿ. ಕೆಳಗೆ ಅನಿತೋಗಳು: ಸತ್ತ ಹಿರಿಯರು, ಹೊಲಗದ್ದೆಯ ಶಕ್ತಿಗಳು. ಈ ದೇವರುಗಳಿಗೂ ಜನರಿಗೂ ನಡುವೆ ಕಟಲೋನನ್ ಎಂಬ ಪೂಜಾರಿ, ಹೆಚ್ಚಾಗಿ ಪೂಜಾರಿಣಿ. ಅವಳ ಮೈಮೇಲೆ ಅನಿತೋ ಬರುತ್ತಿತ್ತು, ನುಡಿ ಆಗುತ್ತಿತ್ತು. ಪಾದ್ರಿಯ ಕಣ್ಣಿಗೆ ಬಿದ್ದದ್ದು ಸೈತಾನ.

ಆದರೆ ಅದೇ ಪಾದ್ರಿ ತನ್ನ ಉದ್ದೇಶ ಮೀರಿ ಒಂದು ಸಂಗತಿಯನ್ನು ದಾಖಲಿಸಿಬಿಟ್ಟಿದ್ದಾನೆ. ತಗಾಲಗರಿಗೆ ಗುಡಿಯೇ ಇರಲಿಲ್ಲ. ಹಬ್ಬ ಬಂದರೆ ಯಜಮಾನನ ಮನೆಗೆ ಒಂದು ಚಪ್ಪರ ಇಳಿಸುತ್ತಿದ್ದರು, ಕಂಬಗಳಿಗೆ ಸಣ್ಣ ದೀಪ, ನಡುವೆ ಒಂದು ದೊಡ್ಡ ದೀಪ ಹಚ್ಚುತ್ತಿದ್ದರು, ಸಣ್ಣ ದೊಡ್ಡ ತಮಟೆ ಬಡಿಯುತ್ತ ನಾಲ್ಕು ದಿನ ಇಡೀ ಊರು ಅಲ್ಲೇ ಸೇರುತ್ತಿತ್ತು. ಹಬ್ಬ ಮುಗಿದ ಮೇಲೆ ಅದು ಮತ್ತೆ ಮನೆ. ಕಲ್ಲಿನ ಇಗರ್ಜಿ ಕಟ್ಟಲು ಬಂದವನಿಗೆ ಇದು ಧರ್ಮದ ಕೊರತೆಯಾಗಿ ಕಂಡಿತು. ನಮಗೆ ಹಾಗೆ ಕಾಣಬೇಕಾಗಿಲ್ಲ. ಈ ಚಪ್ಪರಕ್ಕೆ ಆಮೇಲೆ ಬರುತ್ತೇನೆ.

ಹಾಗಂತ ಆ ಹಳೆಯ ತಗಾಲಗ್ ಲೋಕ ಬಂಗಾರದ್ದಾಗಿತ್ತೆಂದು ಯಾರೂ ಭ್ರಮಿಸಬೇಡಿ. ಮೇಲೆ ದೊರೆಗಳು, ನಡುವೆ ಸ್ವತಂತ್ರರು, ಕೆಳಗೆ ಅಲಿಪಿನ್ ಎಂಬ ಆಳುಗಳು. ಅಲಿಪಿನ್‌ನಲ್ಲೂ ಎರಡು ಬಗೆ: ಸ್ವಂತ ಗುಡಿಸಲಿದ್ದು ಒಡೆಯನಿಗೆ ಬೆಳೆಯ ಪಾಲು ಸಲ್ಲಿಸಿ ದುಡಿಯುವವನು, ಒಡೆಯನ ಮನೆಯಲ್ಲೇ ಬಿದ್ದಿದ್ದು ಮಾರಾಟಕ್ಕೂ ಒಳಗಾಗುವವನು. ಸಾಲ ತೀರಿಸಲಾರದವನು ಅಲಿಪಿನ್ ಆಗುತ್ತಿದ್ದ, ಅವನ ಮಕ್ಕಳನ್ನು ಲೆಕ್ಕ ಹಾಕಿ ಹಂಚಿಕೊಳ್ಳುತ್ತಿದ್ದರು. ೧೯೭೬ರಲ್ಲಿ ಕಾನೂನು ಬಂದು ತೆಗೆದುಹಾಕುವವರೆಗೂ (ಆಮೇಲೂ) ನಮ್ಮ ಜೀತದ ಮನೆಗಳಲ್ಲಿ ನಡೆದದ್ದು ಇದೇ ಲೆಕ್ಕ. ಪರಾಕ್ರಮಿಯೊಬ್ಬ ಸತ್ತರೆ ಅವನ ಹೆಣದ ಕೆಳಗೆ ಬದುಕಿರುವ ಆಳನ್ನು ಕಟ್ಟಿ, ಅವನು ಸಾಯುವವರೆಗೂ ಬಿಡುತ್ತಿದ್ದರೆಂದು ಪ್ಲಸೆನ್ಸಿಯಾ ಬರೆದಿದ್ದಾನೆ. ಪಾದ್ರಿ ಸುಳ್ಳು ಹೇಳಿದ ಎಂದು ತಳ್ಳಿಹಾಕುವುದು ಸುಲಭ. ಆ ಆಳಿನ ಕಡೆಯಿಂದ ಓದುವವನು ಅಷ್ಟು ಸುಲಭದಲ್ಲಿ ತಳ್ಳಿಹಾಕಲಾರ.

ಮುನ್ನೂರು ವರ್ಷ ಕಳೆದ ಮೇಲೆ ಹೊಸೆ ರಿಸಾಲ್ ಎಂಬ ತಗಾಲಗ್ ಲೇಖಕ ಒಂದು ಕೆಲಸ ಮಾಡಿದ. ಸ್ಪೇನಿನ ಅಧಿಕಾರಿ ಮೊರ್ಗಾ ೧೬೦೯ರಲ್ಲಿ ಅಚ್ಚು ಹಾಕಿಸಿದ್ದ ಫಿಲಿಪೈನ್ಸ್ ಚರಿತ್ರೆಯನ್ನು ಹುಡುಕಿ, ಕೈಯಾರೆ ನಕಲು ಮಾಡಿ, ಪುಟಪುಟಕ್ಕೂ ಅಡಿಟಿಪ್ಪಣಿ ಬರೆದು ೧೮೯೦ರಲ್ಲಿ ಪ್ರಕಟಿಸಿದ. ಮೇಲೆ ಒಡೆಯನ ಮಾತು, ಕೆಳಗೆ ಆಳಿನ ಜವಾಬು. ೧೮೯೬ರಲ್ಲಿ ಸ್ಪೇನಿನವರು ಅವನನ್ನು ಗುಂಡಿಕ್ಕಿ ಕೊಂದರು. ನಮ್ಮ ಕಾಲದಲ್ಲಿ ವಿಲಿಯಂ ಹೆನ್ರಿ ಸ್ಕಾಟ್ ಎಂಬ ಚರಿತ್ರೆಕಾರ ೧೯೮೨ರ ತನ್ನ ಪುಸ್ತಕದಲ್ಲಿ ಆಳುವವರ ಕಾಗದಪತ್ರಗಳನ್ನು ಒಂದು ಪರದೆಗೆ ಹೋಲಿಸಿ, ಆ ಪರದೆಯ ಬಿರುಕುಗಳಲ್ಲೇ ಜನ ಕಾಣುತ್ತಾರೆ ಅಂದ. ಈ ಇಬ್ಬರಿಂದಲೂ ಕನ್ನಡ ವಿಮರ್ಶೆ ಕಲಿಯಬೇಕಾದ್ದಿದೆ.

ಈಗ ನಮ್ಮ ಪಾದ್ರಿಗೆ ಬರೋಣ. ೧೭೯೯ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದವನು ಅಬ್ಬೆ ದುಬೊಯ್. ಶ್ರೀರಂಗಪಟ್ಟಣದ ಸುತ್ತ ಬಹುಕಾಲ ಇದ್ದು, ಹಿಂದೂಗಳ ನಡವಳಿಕೆ ಆಚಾರಗಳ ಬಗ್ಗೆ ಅವನು ಬರೆದದ್ದನ್ನು ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡು, ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಬ್ರಾಹ್ಮಣರ ದಿನಚರಿಗೆ ಅವನು ಕೊಟ್ಟ ಪುಟಗಳೆಷ್ಟು, ಕೇರಿಯವರಿಗೆ ಕೊಟ್ಟ ಪುಟಗಳೆಷ್ಟು ಅಂತ ಎಣಿಸಿದರೆ ಸಾಕು. ಕೇರಿಯವರ ಬಗ್ಗೆ ಬರೆಯುವಾಗಲಂತೂ ಅವನ ಮೂಗು ಮುಚ್ಚಿಯೇ ಇರುತ್ತದೆ. ತಮಾಷೆ ಏನಪ್ಪಾ ಅಂದ್ರೆ, ಆ ಪುಸ್ತಕದ ಬಹುಭಾಗ ಅವನಿಗಿಂತ ಮೊದಲಿನ ಕೋರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರವಣಿಗೆಯಿಂದ ಎತ್ತಿದ್ದು ಎಂದು ಸಂಶೋಧಕರು ತೋರಿಸಿದ್ದಾರೆ. ನಮ್ಮನ್ನು ನೋಡಿದ ಕಣ್ಣೂ ಕಡ ತಂದದ್ದು!

ಆಮೇಲೆ ಬಂದವರು ನಮ್ಮವರೇ. ಎಚ್.ವಿ. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ. ಮೈಸೂರು ಸಂಸ್ಥಾನದ ಜಾತಿಗಳ ಸರ್ವೇಕ್ಷಣೆ ಅವರ ಕೈಯಲ್ಲಿ ಶುರುವಾಗಿ, ಅವರು ೧೯೨೦ರಲ್ಲಿ ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಕೈಯಲ್ಲಿ ನಾಲ್ಕು ಸಂಪುಟಗಳಾಗಿ ೧೯೨೮ರಿಂದ ೧೯೩೫ರ ನಡುವೆ ಹೊರಬಂತು. ಕನ್ನಡ ಸಾಹಿತ್ಯದ ಮೊದಲ ಗದ್ದುಗೆ, ಜಾತಿಗಳ ರಿಜಿಸ್ಟರು, ಎರಡೂ ಒಬ್ಬರದೇ ಮನೆಯಲ್ಲಿ ಇದ್ದವು ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಕಾರರು ಯಾಕೋ ಹೇಳುವುದಿಲ್ಲ. ರಿಸ್ಲೆ ಎಂಬ ಇಂಗ್ಲಿಷ್ ಅಧಿಕಾರಿ ಹಾಕಿಕೊಟ್ಟ ದಾರಿಯಲ್ಲಿ ಪ್ರಶ್ನೆಗಳು ಮೊದಲೇ ಸಿದ್ಧವಾಗಿದ್ದವು: ಹುಟ್ಟು, ಮೈನೆರೆಯುವುದು, ಮದುವೆ, ಕೂಡಾವಳಿ, ಸಾವು, ದೇವರು, ಊಟ. ಹೊಲೆಯರಿಗೊಂದು ಅಧ್ಯಾಯ, ಮಾದಿಗರಿಗೊಂದು ಅಧ್ಯಾಯ. ಯಾವ ಮಾಂಸ ತಿನ್ನುತ್ತಾರೆ ಎಂಬುದಕ್ಕೆ ಅಲ್ಲಿ ಜಾಗ ಇತ್ತು. ತಿನ್ನುವುದಕ್ಕೆ ಬೇರೆ ಏನು ಸಿಗುತ್ತಿತ್ತು ಎಂಬುದಕ್ಕೆ ಇರಲಿಲ್ಲ. ಯಾರ ಮನೆಯ ನೀರು ಮುಟ್ಟಬಾರದು ಎಂಬುದು ‘ಆಚಾರ’ವಾಗಿ ದಾಖಲಾಯಿತು. ಮುಟ್ಟಿದವನಿಗೆ ಬಿದ್ದ ಏಟು ಯಾವ ತಲೆಬರಹದ ಕೆಳಗೂ ಬರಲಿಲ್ಲ. ಪ್ಲಸೆನ್ಸಿಯಾನ ವರದಿ ಅಧಿಕಾರಿಗಳ ಕೈಪಿಡಿಯಾದಂತೆ ಇಂಥ ಸಂಪುಟಗಳನ್ನೂ ಜಾತಿ ಪ್ರಮಾಣಪತ್ರದ ವ್ಯಾಜ್ಯಗಳಲ್ಲಿ, ಆಯೋಗಗಳ ಮುಂದೆ ಎತ್ತಿ ತೋರಿಸುವುದುಂಟು. ನಾವು ಯಾರೆಂದು ಸಾಬೀತು ಮಾಡಲು ನಮ್ಮನ್ನು ಮೂಗು ಮುಚ್ಚಿಕೊಂಡು ನೋಡಿದ ಪುಸ್ತಕವೇ ಸಾಕ್ಷಿ ಹೇಳಬೇಕು!

ಈ ಅಧ್ಯಾಯಗಳ ಅಡಿಯಲ್ಲಿ ರಿಸಾಲ್‌ನಂತೆ ಟಿಪ್ಪಣಿ ಬರೆದವರು ಕನ್ನಡದಲ್ಲಿ ಯಾರು? ಪುಸ್ತಕದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಆದರೆ ತಗಾಲಗರಿಗೆ ಇಲ್ಲದ ಒಂದು ಭಾಗ್ಯ ನಮಗಿದೆ. ಪಾದ್ರಿಗಳು ಬಂದ ಮೇಲೆ ಅವರ ಕಟಲೋನನ್ನರ ಬಾಯಿ ಕಟ್ಟಿಹೋಯಿತು. ನಮ್ಮ ನೀಲಗಾರರ ಬಾಯಿ ಕಟ್ಟಲಿಲ್ಲ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕಾವೇರಿ ದಂಡೆಯ ಕಪ್ಪಡಿ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು, ಇವು ಮಂಟೇಸ್ವಾಮಿ ಪರಂಪರೆಯ ನೆಲೆಗಳು. ಹಾಡುವವರು ನೀಲಗಾರರು, ಬಹುಪಾಲು ಕೇರಿಯವರೇ. ತಂಬೂರಿ, ಡಕ್ಕೆ, ಗಗ್ಗರ, ತಾಳ, ಹೆಗಲಿಗೊಂದು ಜೋಳಿಗೆ. ಅವರು ಹಾಡುವ ಕಲ್ಯಾಣದ ಸಾಲನ್ನು ಒಂದು ಸಲ ವಿಮರ್ಶೆಯಾಗಿ ಕೇಳಿನೋಡಿ. ಬಸವಣ್ಣನ ಕಲ್ಯಾಣಕ್ಕೆ ಮಂಟೇಸ್ವಾಮಿ ಬರುತ್ತಾನೆ. ಹೆಗಲ ಮೇಲೆ ಸತ್ತ ಕರು, ಕೈಯಲ್ಲಿ ಹೆಂಡದ ಗಡಿಗೆ, ಮೈತುಂಬ ನೊಣ. ಒಳಗೆ ಸಾವಿರಾರು ಜಂಗಮರಿಗೆ ದಾಸೋಹ ನಡೆದಿದೆ, ಬಾಗಿಲಲ್ಲಿ ಕಾವಲಿದೆ. ಈ ನಾರುವ ಮೈಯನ್ನು ಒಳಗೆ ಬಿಡುವುದಿಲ್ಲ, ಹೊಡೆದು ತಳ್ಳುತ್ತಾರೆ. ಅವನು ಹೋಗಿ ತಿಪ್ಪೆಯಲ್ಲಿ ಬೀಳುತ್ತಾನೆ. ತಪ್ಪು ತಿಳಿದ ಬಸವಣ್ಣ, ನೀಲಮ್ಮ ಹುಡುಕಿಕೊಂಡು ತಿಪ್ಪೆಗೇ ಬರಬೇಕಾಗುತ್ತದೆ. ಕೈ ಹಿಡಿದು ಎಳೆದರೆ ಕೈ ಕಿತ್ತುಬರುತ್ತದೆ, ಕಾಲು ಹಿಡಿದರೆ ಕಾಲು ಕಿತ್ತುಬರುತ್ತದೆ. ಆ ಕೊಳೆತ ತುಂಡುಗಳನ್ನು ಬಸವಣ್ಣ ತಲೆಯ ಮೇಲೆ ಹೊರಬೇಕು.

ಹನ್ನೆರಡನೇ ಶತಮಾನದ ಬಂಡಾಯಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆ ಕನ್ನಡದಲ್ಲಿ ಇನ್ನೊಂದು ಇದೆಯೇ? ಬಸವಣ್ಣನನ್ನು ಇಲ್ಲಿ ಬಯ್ದಿಲ್ಲ, ಬಿಟ್ಟಿಲ್ಲ. ಅವನ ಕಲ್ಯಾಣಕ್ಕೂ ಒಂದು ಬಾಗಿಲು ಹುಟ್ಟಿಕೊಂಡಿತು, ಬಾಗಿಲಿಗೆ ಕಾವಲು ಬಂತು, ಕಾವಲಿಗೆ ಮೂಗು ಬಂತು ಅನ್ನುತ್ತಿದೆ ಕಥೆ. ಮುಟ್ಟಿಸಿಕೊಳ್ಳದ ದೇಹವನ್ನು ಉಪದೇಶದಿಂದ ಎತ್ತಲು ಬರುವುದಿಲ್ಲ, ತುಂಡುತುಂಡಾಗಿ ತಲೆ ಮೇಲೆ ಹೊತ್ತರೆ ಮಾತ್ರ ಬರುತ್ತದೆ ಅನ್ನುತ್ತಿದೆ. ಕರು ಸತ್ತರೆ ಹೊರುವ ಕೆಲಸ ಯಾರದಾಗಿತ್ತೋ ಅವರೇ ಕಟ್ಟಿದ ಕಥೆ ಇದು. ದೇವರ ಹೆಗಲಿಗೆ ಕರುವನ್ನು ಹೊರಿಸಿ, ಭಕ್ತಿಭಂಡಾರಿಯ ತಲೆಗೆ ದೇವರನ್ನು ಹೊರಿಸಿದ್ದಾರೆ. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಸಾಲು ಬೇರೆಯೇ ಇದೆ. ತಾನೇ ಪಾಂಚಾಳರ ಮನೆಯಲ್ಲಿ ಹುಟ್ಟಿದವನು, ನೇಗಿಲ ಕುಳಕ್ಕೂ ಕುಡುಗೋಲಿಗೂ ಬೇಕಾದ ಕಬ್ಬಿಣವನ್ನು ಬಚ್ಚಿಟ್ಟುಕೊಂಡ ತನ್ನ ಕುಲದವರ ಮುಂದೆಯೇ ಕೈಯೊಡ್ಡಿ, ಅವರು ಒಡ್ಡಿದ ಪರೀಕ್ಷೆಗಳಿಗೆ ಒಳಗಾಗಿ ಗೆದ್ದು ತರುತ್ತಾನೆ. ಇದನ್ನೆಲ್ಲ ಪ್ರಶ್ನಾವಳಿಯ ‘ದೇವರು’ ಎಂಬ ಜಾಗದಲ್ಲಿ ತುಂಬಿದರೆ ಉಳಿಯುವುದೇನು? ‘ಇವರು ಮಂಟೇಸ್ವಾಮಿ ಎಂಬ ದೇವರನ್ನು ಪೂಜಿಸುತ್ತಾರೆ.’ ಅಷ್ಟೇ.

ವಿಶ್ವವಿದ್ಯಾನಿಲಯದ ಜಾನಪದ ವಿದ್ವಾಂಸರಿಗೆ ನಾವು ಋಣಿಗಳೇ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರರಂಥವರು ಊರೂರು ತಿರುಗಿ ಬರೆದುಕೊಳ್ಳದಿದ್ದರೆ ಎಷ್ಟೋ ಸಾಲುಗಳು ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ರಾಜಶೇಖರರ ‘ಮಲೆಯ ಮಾದೇಶ್ವರ’ ಬಂದದ್ದು ೧೯೭೩ರಲ್ಲಿ. ಅದೇ ವರ್ಷ ದೇವನೂರ ಮಹಾದೇವರ ‘ದ್ಯಾವನೂರು’ ಬಂತು. ಅದೇ ವರ್ಷದ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ರಾಜ್ಯವೇ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ಈ ಮೂರೂ ಒಂದೇ ವರ್ಷ ಆದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸಲಿಲ್ಲ. ಬೂಸಾ ಅಂದವರನ್ನು ಹೊಡೆಯಲು ಬಂದ ಪಂಡಿತರಲ್ಲಿ ಒಬ್ಬನಾದರೂ ‘ನೋಡಿ, ಕೇರಿಯ ಬಾಯಲ್ಲಿ ಇಂಥ ಮಹಾಕಾವ್ಯ ಇದೆ, ಇದೂ ಕನ್ನಡ ಸಾಹಿತ್ಯ’ ಅಂತ ತಿರುಗಿ ಹೇಳಿದ್ದರೆ ಆ ಜಗಳದ ದಾರಿಯೇ ಬೇರೆ ಆಗುತ್ತಿತ್ತು. ಹೇಳಲಿಲ್ಲ, ಯಾಕಂದರೆ ಅದು ಅವರಿಗೆ ಸಾಹಿತ್ಯವಾಗಿರಲಿಲ್ಲ, ಜಾನಪದವಾಗಿತ್ತು.

ಯಾದವಗಿರಿಯ ದಿಬ್ಬದ ಮೇಲೆ ಆಕಾಶವಾಣಿ ಇದೆ. ಆ ಹೆಸರೇ ಮೈಸೂರಿನದು: ೧೯೩೫ರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರುಮಾಡಿದ ರೇಡಿಯೋಕ್ಕೆ ಇಟ್ಟದ್ದು, ಆಮೇಲೆ ದೇಶಕ್ಕೆಲ್ಲ ಆಯಿತು. ನೀಲಗಾರರ, ಕಂಸಾಳೆಯವರ ದನಿ ಊರೂರಿನ ರೇಡಿಯೋ ಪೆಟ್ಟಿಗೆಯೊಳಗೆ ಹೊಕ್ಕದ್ದು ಇಂಥ ನಿಲಯಗಳ ಮೂಲಕ, ಅದು ಸಣ್ಣ ಸಂಗತಿಯಲ್ಲ. ಆದರೆ ಬೆಳಗಿನ ತನಕ ಹಾಡುವ ಕಥೆ ಸ್ಟುಡಿಯೋದ ಗಡಿಯಾರಕ್ಕೆ ಬಗ್ಗುತ್ತದೆಯೇ? ನಿಮಿಷಕ್ಕೆ ತಕ್ಕಂತೆ ಕತ್ತರಿಸಿದಾಗ ಸುಲಭವಾಗಿ ಉಳಿಯುವುದು ಸ್ತುತಿಯ ಪದ. ಜಗಳಕ್ಕೆ, ತಿಪ್ಪೆಗೆ, ಕಿತ್ತುಬಂದ ಕೈಗೆ ಹೊತ್ತು ಬೇಕು. ಇನ್ನೊಂದು ಯಾದವಗಿರಿಯೂ ಉಂಟು, ಮೇಲುಕೋಟೆಗೆ ಅದು ಹಳೆಯ ಹೆಸರು. ರಾಮಾನುಜಾಚಾರ್ಯರಿಗೆ ನೆರವಾದ ಹೊಲೆಯರಿಗೆ ‘ತಿರುಕುಲ’ ಎಂಬ ಬಿರುದು ಕೊಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಡುವ ಪದ್ಧತಿ ಅಲ್ಲಿತ್ತು ಅಂತ ಹೇಳಿಕೆ. ಆ ಯಾದವಗಿರಿಯಲ್ಲಿ ಪಂಚಾಂಗ ನೋಡಿ ಪ್ರವೇಶ, ಈ ಯಾದವಗಿರಿಯಲ್ಲಿ ಗಡಿಯಾರ ನೋಡಿ ಪ್ರವೇಶ.

ಇನ್ನು ನಮ್ಮ ಚಳವಳಿಯ ಒಳಗಿನ ಪ್ರಶ್ನೆ. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ ಪ್ರತಿಜ್ಞೆಗಳು ನಮ್ಮ ಬೆನ್ನೆಲುಬು. ಆ ಬೆನ್ನೆಲುಬಿದ್ದವನು ಚಿಕ್ಕಲ್ಲೂರಿಗೆ ಹೋಗಬಹುದೇ? ಡಿ.ಆರ್. ನಾಗರಾಜ್ ೧೯೯೩ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ದಲಿತ ಚಳವಳಿ ತನ್ನದೇ ದೇವದೇವತೆಗಳ ನೆನಪನ್ನು ಒರೆಸಿಹಾಕಿದರೆ ಏನನ್ನು ಕಳೆದುಕೊಳ್ಳುತ್ತದೆ ಎಂದು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಹಿಡಿದುಕೊಂಡು ‘ನಮ್ಮದೆಲ್ಲಾ ಚೆಂದ’ ಅಂತ ಕುಣಿಯುವವರನ್ನು ಕಂಡರೆ ನನಗೆ ಆ ಹೆಣದ ಕೆಳಗೆ ಕಟ್ಟಿದ ಅಲಿಪಿನ್ ನೆನಪಾಗುತ್ತಾನೆ. ೧೯೮೬ರ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರೂ ಇತರರೂ ಹೋದಾಗ ಜಾತ್ರೆಯ ಗುಂಪು ಅವರ ಮೇಲೆ ಬಿತ್ತು, ಪೊಲೀಸರನ್ನೂ, ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ, ಬಟ್ಟೆ ಕಿತ್ತರು. ಅದೂ ‘ನಂಬಿಕೆ’ಯೇ, ಅದೂ ಹಳೆಯದೇ. ಬೆತ್ತಲಾಗಿ ಓಡಬೇಕಾದವರು ಬಹುತೇಕ ಬಡ ಕೆಳಜಾತಿಯ ಹೆಣ್ಣುಮಕ್ಕಳು, ದಡದಲ್ಲಿ ನಿಂತು ನೋಡುವವರು ಎಲ್ಲ ಜಾತಿಯವರು. ಅದನ್ನು ನಿಲ್ಲಿಸಿದ್ದು ಸರಿ. ಜಾನಪದದ ಸೊಗಡು ಹೋಯಿತೆಂದು ಯಾರಾದರೂ ಅತ್ತರೆ ಅಳಲಿ.

ಅದೇ ತಕ್ಕಡಿಯಲ್ಲಿ ಚಿಕ್ಕಲ್ಲೂರನ್ನು ತೂಗಿನೋಡಿ. ಬನದ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಸುವುದರಿಂದ ಶುರುವಾಗಿ ಐದು ದಿನದ ಜಾತ್ರೆ. ನಾಲ್ಕನೆಯ ದಿನ ಪಂಕ್ತಿಸೇವೆ: ಬಿಡಾರಗಳ ಮುಂದೆ ಕುರಿ ಕೋಳಿ ಬೇಯಿಸಿ, ನೀಲಗಾರರನ್ನು ಕೂರಿಸಿ, ಬೇರೆಬೇರೆ ಜಾತಿಯವರು ಪಂಕ್ತಿಯಲ್ಲಿ ಉಣ್ಣುವುದು. ಈಚಿನ ವರ್ಷಗಳಲ್ಲಿ ೧೯೫೯ರ ಪ್ರಾಣಿಬಲಿ ತಡೆ ಕಾಯ್ದೆಯ ಹೆಸರಿನಲ್ಲಿ ಇದನ್ನು ತಡೆಯುವ ಪ್ರಯತ್ನಗಳು ನಡೆದವು. ಗದ್ದುಗೆಗೆ ಬಲಿ ಕೊಡುತ್ತಿಲ್ಲ, ಅಡಿಗೆ ಮಾಡಿ ಉಣ್ಣುತ್ತಿದ್ದೇವೆ, ಇದು ಎಡೆ, ಬಲಿಯಲ್ಲ ಅಂತ ಭಕ್ತರು ವಾದಿಸಿದರು. ಕಾನೂನಿನ ಕಣ್ಣಿಗೆ ಬಲಿ ಮಾತ್ರ ಕಂಡಿತು, ಪಂಕ್ತಿ ಕಾಣಲಿಲ್ಲ. ಪಾದ್ರಿಗೆ ಸೈತಾನ ಕಂಡು ಚಪ್ಪರ ಕಾಣದೆ ಹೋದದ್ದೂ ಹೀಗೆಯೇ. ಕುರಿಯ ಮೇಲೆ ಇಷ್ಟು ಮರುಕ ಇರುವವರು ಮದುವೆ ಮನೆಯ ಬಿರಿಯಾನಿಗೆ ಪೊಲೀಸು ಕಳಿಸುತ್ತಾರೆಯೇ? ಚಂದ್ರಗುತ್ತಿಯಲ್ಲಿ ಒಬ್ಬ ಹೆಣ್ಣುಮಗಳ ಮೈ ಊರಿಗೆಲ್ಲ ತೆರೆದುಕೊಳ್ಳಬೇಕಿತ್ತು. ಚಿಕ್ಕಲ್ಲೂರಿನಲ್ಲಿ ಊರಿನ ಎಲೆಗಳು ಒಂದು ಸಾಲಿನಲ್ಲಿ ಹಾಸುತ್ತವೆ. ಯಾರ ಮೇಲೆ ಭಾರ ಬೀಳುತ್ತದೆ, ಯಾರು ಪಕ್ಕದಲ್ಲಿ ಕೂರುತ್ತಾರೆ ಎಂದು ಕೇಳಿದರೆ ಈ ಎರಡು ಆಚರಣೆಗಳ ನಡುವಿನ ಗೆರೆ ಕುರುಡನಿಗೂ ತಿಳಿಯುತ್ತದೆ. ಸರ್ಕಾರಕ್ಕೂ ವಿಚಾರವಾದಿಗೂ ಎರಡೂ ‘ಮೌಢ್ಯ’ದ ಒಂದೇ ಕಡತ.

ಮಂಟೇಸ್ವಾಮಿ ಪರಂಪರೆಯನ್ನೂ ಅದೇ ಪ್ರಶ್ನೆ ಬಿಡಬಾರದು. ಹಾಡುವ ನೀಲಗಾರರು ಕೇರಿಯವರು, ಮಠದ ಪೀಠವಿರುವುದು ಅರಸು ಮನೆತನದಲ್ಲಿ. ತಿಪ್ಪೆಯಲ್ಲಿ ಸಿಕ್ಕಿದ ದೇವರ ಗದ್ದುಗೆಗೆ ಅರಸುಗಳು ಹೇಗೆ ಬಂದರು ಅನ್ನುವುದನ್ನು ಯಾವ ಸಾಲು ವಿವರಿಸುತ್ತದೆ, ಹೇಗೆ ಸಮರ್ಥಿಸುತ್ತದೆ ಎಂದು ಓದುವ ಕೆಲಸ ಆಗಬೇಕು.

ಈಗ ಆ ಚಪ್ಪರಕ್ಕೆ ಬರೋಣ. ಸಿದ್ಧಲಿಂಗಯ್ಯ ಹೇಳಿದ್ದನ್ನು ಕೇಳಿ ದೇವನೂರ ಮಹಾದೇವ ಬರೆದ ಮನೆಮಂಚಮ್ಮನ ಕಥೆ ನಮ್ಮವರಿಗೆ ಗೊತ್ತಿದೆ. ಊರವರು ದೇವತೆಗೆ ಗುಡಿ ಕಟ್ಟುತ್ತಾರೆ. ಗೋಡೆ ಎದ್ದು ಚಾವಣಿ ಹಾಕುವ ಹೊತ್ತಿಗೆ ಒಬ್ಬನ ಮೈಮೇಲೆ ಅವಳು ಬಂದು ನಿಲ್ಲಿಸುತ್ತಾಳೆ. ಊರಿನಲ್ಲಿ ಎಲ್ಲರಿಗೂ ಮನೆ ಆಗಿದೆಯಾ ಅಂತ ಕೇಳುತ್ತಾಳೆ. ಇಲ್ಲ ಅಂದಾಗ, ಎಲ್ಲರಿಗೂ ಆಗುವವರೆಗೂ ನನಗೂ ಬೇಡ ಅನ್ನುತ್ತಾಳೆ. ಗುಡಿಗೆ ಚಾವಣಿ ಬೀಳಲಿಲ್ಲ. ಗುಡಿಯಿಲ್ಲದ ತಗಾಲಗರಿಗೂ ಚಾವಣಿ ಬೇಡವೆಂದ ಈ ತಾಯಿಗೂ ನಂಟು ಹಚ್ಚುವುದು ಪಾಂಡಿತ್ಯದ ಆಟವಾದರೂ ಆಗಲಿ, ನಾನು ಹಚ್ಚುತ್ತೇನೆ. ವೈದಿಕ ಗುಡಿಯಲ್ಲಿ ದೇವರೇ ಒಡೆಯ, ಭಕ್ತನೇ ಒಕ್ಕಲು. ಇಲ್ಲಿ ದೇವರಿಗೂ ಕೇರಿಗೂ ಒಂದೇ ಸೂರು, ಇಲ್ಲವಾದರೆ ಇಬ್ಬರಿಗೂ ಇಲ್ಲ. ‘ಕುಸುಮಬಾಲೆ’ಯಲ್ಲಿ ಮನೆಮನೆಯ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತವೆ. ಅದನ್ನು ಕೆಲವರು ಮಾಂತ್ರಿಕ ವಾಸ್ತವ ಅಂದರು, ಲ್ಯಾಟಿನ್ ಅಮೆರಿಕದಿಂದ ಬಂತು ಅಂದರು. ಅಷ್ಟು ದೂರ ಯಾಕೆ ಹೋಗಬೇಕಿತ್ತು, ನಂಜನಗೂಡಿನ ಬಸ್ಸು ಹತ್ತಿದ್ದರೆ ಸಾಕಿತ್ತು. ದೀಪಕ್ಕೆ ಕಿವಿಯಿದೆ, ಮನೆಯೊಳಗೆ ನಡೆದದ್ದು ಅದಕ್ಕೆ ಗೊತ್ತಿದೆ ಎಂಬುದು ಅಲ್ಲಿನ ಅವ್ವಂದಿರ ನಂಬಿಕೆ. ಮಹಾದೇವ ಅದನ್ನು ಪ್ರದರ್ಶನಕ್ಕಿಟ್ಟಿಲ್ಲ, ಕೊಲೆಗೆ ಸಾಕ್ಷಿಯಿಲ್ಲದ ಊರಿನಲ್ಲಿ ದೀಪವನ್ನು ಸಾಕ್ಷಿಗೆ ಕರೆದಿದ್ದಾರೆ. ಒಡೆಯನ ಪುಟದ ಕೆಳಗೆ ಬರೆದ ಟಿಪ್ಪಣಿ ಎಂದರೆ ಇದು.

ಅತ್ತ ಮಲೆ ಮಾದೇಶ್ವರನ ಬೆಟ್ಟದಲ್ಲಿ ೨೦೨೩ರ ಮಾರ್ಚಿನಲ್ಲಿ ೧೦೮ ಅಡಿಯ ಮಾದಪ್ಪನ ವಿಗ್ರಹ ಎದ್ದಿತು. ಹುಲಿ ಏರಿ ಬೆಟ್ಟ ಸುತ್ತಿದವನು ಈಗ ಕಾಂಕ್ರೀಟಿನಲ್ಲಿ ನಿಂತಿದ್ದಾನೆ. ಬೆಟ್ಟದ ಸೋಲಿಗರ ಪೋಡುಗಳಲ್ಲಿ ಎಷ್ಟು ಮನೆಗೆ ಚಾವಣಿ ಇದೆ ಎಂದು ಅವನನ್ನು ಎತ್ತಿ ನಿಲ್ಲಿಸುವ ಮುನ್ನ ಯಾರ ಮೈಮೇಲೂ ಬಂದು ಕೇಳಲು ಬಿಡಲಿಲ್ಲ.

ಬರುವ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗುವ ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಹಾಡನ್ನು ಬರೆದುಕೊಳ್ಳುವಾಗ ಹಾಡಿದವರ ಹೆಸರು, ಯಾರಿಂದ ಕಲಿತರು, ವರ್ಷದ ಉಳಿದ ದಿನ ಯಾರ ಹೊಲದಲ್ಲಿ ಕೂಲಿ, ಎಷ್ಟು ಕೂಲಿ, ಇವನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಎಲ್ಲಿ ನಿಲ್ಲಿಸಿದರು, ಯಾರು ಬಂದಾಗ ದನಿ ತಗ್ಗಿಸಿದರು ಎಂಬುದನ್ನು ಬಿಡಬೇಡಿ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಅವರು ‘ಹಿಂಗಲ್ಲ ಬುದ್ಧಿ’ ಅಂದರೆ ಆ ಮಾತನ್ನೂ ಬರೆದುಕೊಳ್ಳಿ. ನಿಮ್ಮನ್ನು ಬುದ್ಧಿ ಅಂದರಲ್ಲಾ, ಅದನ್ನೂ.